ಮಾವಿನ ಮಿಡಿಯ ಉಪ್ಪುನೀರು

ಹೋದ ರಜೆಯಲ್ಲಿ ಬಂದಾಗ ನೀವಿಬ್ಬರೂ ಅಡುಗೆಮನೆಯ ಮೂಲೆಯ ಭರಣಿಯ ಮುಚ್ಚಳ ತೆಗೆದು ನೋಡಿ, "ಅಜ್ಜಿ, ಈ ಸಲ ಮಿಡಿ ಹಾಕಿಲ್ವಾ?" ಎಂದು ಕೇಳಿದಿರಿ. ಈ ವರ್ಷ ಮರ ಸರಿಯಾಗಿ ಬಿಡಲಿಲ್ಲ ಎಂದೆ. ಅದು ಸುಳ್ಳು. ಕೊಂಬೆ ಬಾಗುವಷ್ಟು ಬಿಟ್ಟಿತ್ತು. ಮುಖ ನೋಡಿಕೊಂಡು ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಮೊದಲಿನಿಂದಲೂ ಹಾಗೆಯೇ. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ನಾಲ್ಕು ಜನ ಸೇರಿದ ಕಡೆ ಇವತ್ತಿಗೂ ಗೋಡೆ ಪಕ್ಕ ಹುಡುಕಿಕೊಂಡು ನಿಲ್ಲುತ್ತೇನೆ. ಬರೆಯುವುದಾದರೆ ಯಾರೂ ನೋಡುತ್ತಿರುವುದಿಲ್ಲ, ಅದಕ್ಕೇ ಈ ಕಾಗದ. ನಿಮ್ಮಲ್ಲಿ ದೊಡ್ಡವಳು ಈಗ ಕಾಲೇಜಿಗೆ ಸೇರಿ ಹಾಸ್ಟೆಲಿನ ಊಟ ಮಾಡುತ್ತಿದ್ದಾಳೆ. ಅವಳಿಗಾದರೂ ಇದು ಗೊತ್ತಿರಬೇಕು.

ಆಲೂರಿನಲ್ಲಿ ಕಾಲೇಜು ಹುಡುಗಿಯರ ಆ ಸಣ್ಣ ಹಾಸ್ಟೆಲಿಗೆ ನಾನು ಅಡುಗೆಗೆ ಸೇರಿದ್ದು ನಿಮ್ಮ ತಾತ ಹೋದ ಮೇಲೆ. ಹುಡುಗಿಯರು ಬೆಳಗೋಡು, ಸಕಲೇಶಪುರ, ಹೊಂಗಡಹಳ್ಳ ಹೀಗೆ ಸುತ್ತಲ ಊರು, ಎಸ್ಟೇಟುಗಳಿಂದ ಬಂದವರು. ಅಡುಗೆಮನೆಯಲ್ಲಿ ನಾನು ಮತ್ತು ಪಾತ್ರೆ, ತರಕಾರಿಗೆ ಒಬ್ಬಳು ಕೈಯಾಳು. ಅವಳ ಬಾಯಿ ನನ್ನ ಬಾಯಿಯ ಕೆಲಸವನ್ನೂ ಸೇರಿಸಿ ಮಾಡುತ್ತಿತ್ತು. ನಾನು ಒಲೆಯ ಮುಂದೆ ನಿಂತರೆ ಸಾಕಾಗಿತ್ತು.

ಒಂದು ಭಾನುವಾರ ಕಾಲೇಜಿನ ಉಪನ್ಯಾಸಕಿ ಮೇಡಂ ಊಟದ ಹಾಲಿಗೆ ಬಂದರು. ಕಾಲೇಜು ಓದುವ ಮಕ್ಕಳಿಗೆ ಹೃದಯದ ಕಾಯಿಲೆ ಏತರಿಂದ ಬರುತ್ತದೆ ಎಂಬುದು ಎಷ್ಟು ಗೊತ್ತು ಎಂದು ತಿಳಿಯುವ ಕೆಲಸವನ್ನು ಅವರು ಹಿಡಿದಿದ್ದರು. ವಿಶ್ವವಿದ್ಯಾಲಯಕ್ಕೆ ಅದನ್ನು ಒಪ್ಪಿಸಬೇಕಿತ್ತಂತೆ. ಒಗ್ಗರಣೆಯ ಹೊಗೆ ಆರಲೆಂದು ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ.

"ಹಾರ್ಟ್ ಅಟ್ಯಾಕ್ ಯಾರಿಗೆ ಬರುತ್ತೆ, ಹೇಳಿ?" ಎಂದರು ಮೇಡಂ.

"ದಪ್ಪ ಇರೋರಿಗೆ ಮೇಡಂ."

"ವಯಸ್ಸಾದೋರಿಗೆ."

"ಸಿಗರೇಟು ಸೇದೋರಿಗೆ."

"ಲವ್ ಫೇಲಾದೋರಿಗೆ," ಎಂದು ಹಿಂದಿನಿಂದ ಯಾರೋ ಅಂದರು.

ಸಕಲೇಶಪುರದ ಒಬ್ಬಳಿದ್ದಳು, ಅವಳ ತಂದೆಗೆ ಪೇಟೆಯಲ್ಲಿ ಕಾಫಿ ವ್ಯಾಪಾರ. ಅವಳು ಎದ್ದು ನಿಂತು, "ದಪ್ಪ, ವಯಸ್ಸು, ಸಿಗರೇಟು, ಮೂರೂ ನಮ್ಮ ಅಬ್ಬಾಗೆ ಐತೆ ಮೇಡಂ. ಆದ್ರೂ ಬೆಳಗ್ಗೆ ಎದ್ದು ಫೋನ್ ಮಾಡಿ ನನಗೇ ಬೈತಾರೆ. ಹಾರ್ಟು ಗಟ್ಟಿಯಾಗೇ ಐತೆ," ಎಂದಳು. ಮೇಡಮ್ಮೇ ನಕ್ಕುಬಿಟ್ಟರು.

ಉಪ್ಪು, ಎಣ್ಣೆ, ಸಕ್ಕರೆ ಕಾಯಿಲೆ, ನಡೆಯದೆ ಕೂರುವುದು, ಎಲ್ಲವನ್ನೂ ಮಕ್ಕಳು ಫೋನಿನಲ್ಲಿ ನೋಡಿದ್ದರು, ಪಟಪಟ ಹೇಳಿದರು. ಆಮೇಲೆ ಮೇಡಂ, "ಸರಿ, ಇಲ್ಲಿ ಕೂತಿರೋರಲ್ಲಿ ಯಾರಿಗೆ ಬರಬಹುದು?" ಎಂದರು. ಎಲ್ಲರೂ ಸ್ವಲ್ಪ ದಪ್ಪಗಿದ್ದ ಹುಡುಗಿಯ ಕಡೆ ತಿರುಗಿದರು. "ಏನ್ರೇ, ನನ್ನೇ ನೋಡ್ತೀರಾ? ಅಜ್ಜಿ ಇಲ್ವಾ ಅಲ್ಲಿ?" ಎಂದು ಅವಳು ನನ್ನ ಕಡೆ ಕೈ ತೋರಿಸಿದಳು. ನಾನು ಒಳಗೆ ಸರಿದುಕೊಂಡೆ.

ಕೊನೆಗೆ ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಎಂದು ಕೇಳಿದರು. ಕೆಲವು ಕೈ ಎದ್ದವು. ಹೊಂಗಡಹಳ್ಳದ ಹುಡುಗಿ ಕೈ ಎತ್ತಲಿಲ್ಲ. ಅವಳ ತಾಯಿ ಅಲ್ಲಿ ಒಂದು ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿದ್ದುಕೊಂಡು ಕಾಫಿ ಹಣ್ಣು ಕೊಯ್ಯುವ ಕೆಲಸ ಮಾಡುತ್ತಾಳೆ. ತಂದೆ ಇವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಕೊನೆಯ ವರ್ಷದ ಓದು. ಎಷ್ಟು ತೆಳ್ಳಗೆ ಎಂದರೆ, ಕೈಯಾಳು ಅವಳಿಗೆ ಇಟ್ಟ ಹೆಸರೇ ಕಡ್ಡಿ.

ಮಾರನೆಯ ವಾರ ಬಿಪಿ ನೋಡುವುದು ಶುರುವಾಯಿತು. ಬೆಳಿಗ್ಗೆ ಅದು ಮುಗಿಯುವವರೆಗೆ ಕಾಫಿ ಕೊಡಬಾರದೆಂದು ಮೇಡಂ ನನಗೆ ಹೇಳಿದ್ದರು. ಹುಡುಗಿಯರನ್ನು ಕುರ್ಚಿಗೆ ಬೆನ್ನು ಒರಗಿಸಿ ಕೂರಿಸಿ, ಎರಡೂ ಪಾದ ನೆಲಕ್ಕೆ ಊರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ, ಮಾತಿಲ್ಲದೆ ಸ್ವಲ್ಪ ಹೊತ್ತು ಬಿಡಬೇಕು. ಮಾತಿಲ್ಲದೆ ಕೂರಿಸುವುದೇ ಅದರಲ್ಲಿ ಕಷ್ಟದ ಕೆಲಸ. ಆಮೇಲೆ ತೋಳಿಗೆ ಪಟ್ಟಿ ಸುತ್ತಿ ಮಿಷನ್ ಒತ್ತುತ್ತಿದ್ದರು. ದಪ್ಪಗಿದ್ದವಳದು ಸರಿಯಾಗಿತ್ತು. ಹೊಂಗಡಹಳ್ಳದವಳದು ಜಾಸ್ತಿ ಬಂತು. ಮೇಡಂ ನಂಬದೆ ಸ್ವಲ್ಪ ಬಿಟ್ಟು ಮತ್ತೆ ನೋಡಿದರು, ಬೇರೆ ಬೇರೆ ದಿನ ನೋಡಿದರು. ಜಾಸ್ತಿಯೇ.

"ಆ ಕಡ್ಡಿಗೆ ಬಿಪಿನಾ? ಮಿಷನ್ನಿಗೇ ಬಿಪಿ ಬಂದೈತೆ ಕಣಕ್ಕ," ಎಂದಳು ಕೈಯಾಳು. ಹುಡುಗಿಯರೂ ಹಾಗೆಯೇ ಅಂದುಕೊಂಡರು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ಅಂದುಕೊಂಡೆ.

ಮೇಡಂ ಮಾತ್ರ ಬಿಡಲಿಲ್ಲ. ತಾಲ್ಲೂಕಿನ ಒಬ್ಬ ಡಾಕ್ಟರನ್ನು ಕೇಳಿಕೊಂಡು ಬಂದು, ಹಾಸ್ಟೆಲಿನ ಅಡುಗೆಯಲ್ಲೇ ಉಪ್ಪು ಇಳಿಸಿ ನೋಡೋಣ ಎಂದರು. ಮಕ್ಕಳು ಬಾಯಲ್ಲಿ ಹೇಳುವುದನ್ನು ತಟ್ಟೆಯಲ್ಲಿ ಮಾಡಿ ನೋಡಬೇಕು ಎಂಬುದು ಅವರ ಆಸೆ. ಒಂದು ಸಣ್ಣ ತಕ್ಕಡಿ ತಂದು ಒಲೆಯ ಪಕ್ಕ ಇಟ್ಟರು. "ಅಮ್ಮಾ, ನೀವು ದಿನಾ ಹಾಕೋ ಹಾಗೇ ಕೈಯಲ್ಲಿ ತೆಗೀರಿ," ಎಂದರು. ಹುರುಳಿಕಾಳಿನ ಸಾರಿಗೆ ಎಷ್ಟು, ಪಲ್ಯಕ್ಕೆ ಎಷ್ಟು ಎಂದು ನಾನು ಹಿಡಿ ಹಿಡಿ ತೆಗೆದೆ, ಅವರು ತೂಗಿದರು. ಅವರ ಹುಬ್ಬು ಮೇಲೇರಿತು. ಒಂದೇ ಸಲ ಇಳಿಸಿದರೆ ನಾಲಿಗೆ ಒಪ್ಪುವುದಿಲ್ಲ, ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಬೇಕು ಎಂದರು. ಮುದ್ದೆಯ ಎಸರಿಗೂ ಅನ್ನಕ್ಕೂ ಉಪ್ಪು ಬೇಡ. ಊಟದ ಮೇಜುಗಳ ಮೇಲಿನ ಪುಡಿ ಉಪ್ಪಿನ ಬಟ್ಟಲು ತೆಗೆದೆವು. ಹಪ್ಪಳ ಹಬ್ಬಕ್ಕೆ ಮಾತ್ರ.

ಹೊರಡುವಾಗ ಅವರು ಕೇಳಿದರು: "ಇದಲ್ಲದೆ ಬೇರೆ ಯಾವುದರಿಂದಾದರೂ ಮಕ್ಕಳಿಗೆ ಉಪ್ಪು ಹೋಗುತ್ತಾ ಅಮ್ಮಾ?"

"ಇಲ್ಲ ಮೇಡಂ," ಎಂದೆ.

ಆ ಹೊತ್ತಿಗೆ ಅದು ನಿಜವೇ. ನನ್ನ ಭರಣಿ ದಿನಸಿ ಕೋಣೆಯಲ್ಲಿ, ಅಕ್ಕಿ ಮೂಟೆಯ ಹಿಂದೆ, ಬಟ್ಟೆ ಕಟ್ಟಿಕೊಂಡು ಕೂತಿತ್ತು. ಅದು ನನ್ನ ಊಟಕ್ಕೆ ಮನೆಯಿಂದ ತಂದಿದ್ದು. ಮಿಡಿ ಹಾಕುವುದನ್ನು ನೀವು ನೋಡಿದ್ದೀರಿ. ತೊಟ್ಟು ಮುರಿಯದಂತೆ ಕೊಯ್ದು, ತೊಳೆದು ಒರೆಸಿ, ಒಂದು ಹಾಸು ಮಿಡಿ, ಒಂದು ಹಾಸು ಹರಳುಪ್ಪು. ಮಿಡಿ ತನ್ನ ನೀರೆಲ್ಲ ಬಿಟ್ಟುಕೊಟ್ಟು ಸುಕ್ಕಾಗುತ್ತದೆ, ಉಪ್ಪು ಆ ನೀರಿನಲ್ಲಿ ಕರಗಿಹೋಗುತ್ತದೆ. ಆಮೇಲೆ ಭರಣಿಯಲ್ಲಿ ಕೈಯಾಡಿಸಿದರೆ ಒಂದು ಹರಳೂ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಉಪ್ಪು ಎಂದು ಕರೆದದ್ದಿಲ್ಲ. ಮಿಡಿ ಎನ್ನುತ್ತಿದ್ದೆವು, ಮಿಡಿ ನೀರು ಎನ್ನುತ್ತಿದ್ದೆವು. ಆ ನೀರಿಲ್ಲದೆ ನಿಮ್ಮ ತಾತ ಊಟಕ್ಕೆ ಕೂತದ್ದು ನನಗೆ ನೆನಪಿಲ್ಲ.

ಮೊದಲ ವಾರ ಯಾರಿಗೂ ಗೊತ್ತಾಗಲಿಲ್ಲ. ಎರಡನೆಯ ವಾರ ತಟ್ಟೆಗಳಲ್ಲಿ ಅನ್ನ ಉಳಿಯತೊಡಗಿತು. ಬಸ್ಸಾರು ಮಾಡಿದ ದಿನ ಎರಡನೆಯ ಸಲ ಕೇಳದ ಹುಡುಗಿ ಇರುತ್ತಿರಲಿಲ್ಲ. ಈಗ ಮುದ್ದೆಯನ್ನು ಮುರಿದು ತಟ್ಟೆಯ ಅಂಚಿಗೆ ತಳ್ಳಿ ಏಳುತ್ತಿದ್ದರು. ಮಿಕ್ಕದ್ದೆಲ್ಲ ಡ್ರಮ್ಮಿಗೆ ಬಿದ್ದು, ಹಂದಿ ಸಾಕುವವನು ಬಂದು ಒಯ್ಯುತ್ತಿದ್ದ.

"ಒಟ್ಟಲ್ಲಿ ಹಂದಿಗಳ ಬಿಪಿ ಇಳೀತು ನೋಡಕ್ಕ," ಎಂದಳು ಕೈಯಾಳು.

ಆಮೇಲೆ ನನಗೊಂದು ಹೆಸರು ಬಂತು, ಸಪ್ಪೆ ಅಜ್ಜಿ. ಎದುರಿಗೆ ಅನ್ನುತ್ತಿರಲಿಲ್ಲ. ಆದರೆ ಕೈತೊಳೆಯುವ ಕಡೆಯಿಂದ ಅಡುಗೆಮನೆಗೆ ಎಲ್ಲ ಕೇಳುತ್ತದೆ. ನನಗೆ ಮಾತಾಡಲು ಬರುವುದಿಲ್ಲ, ಹಾಡಲು ಬರುವುದಿಲ್ಲ, ನನಗೆ ಬರುವುದು ಅಡುಗೆ ಒಂದೇ. ಆ ಮಾತು ಎಲ್ಲಿಗೆ ತಾಕಬೇಕೋ ಅಲ್ಲಿಗೇ ತಾಕಿತು. ಸೊಪ್ಪು, ಹುಣಸೆ, ಮೆಣಸು ಇವುಗಳಲ್ಲಿ ರುಚಿ ತರುವ ಪ್ರಯತ್ನ ಮಾಡಬಹುದಿತ್ತು. ಮೇಡಂ ಹಾಗೆ ಹೇಳಿಯೂ ಇದ್ದರು. ನಾನು ಮನಸ್ಸಿಟ್ಟು ಮಾಡಲಿಲ್ಲ. ಉಪ್ಪು ಕಡಿಮೆ ಮಾಡಿಸಿದ್ದು ಅವರು, ಸಪ್ಪೆಯಾದದ್ದು ಅವರಿಂದ ಎಂದು ಒಳಗೊಳಗೇ ಮುನಿಸಿಕೊಂಡಿದ್ದೆ.

ಹೊಂಗಡಹಳ್ಳದವಳು ಒಂದು ಮಧ್ಯಾಹ್ನ ತಟ್ಟೆ ಹಿಡಿದು ಹಿಂಬಾಗಿಲಿಗೆ ಬಂದಳು. ಮೆಟ್ಟಿಲ ಮೇಲೆ ಕೂತು ಅನ್ನವನ್ನು ಬೆರಳಲ್ಲಿ ಆಡಿಸುತ್ತಿದ್ದಳು. ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು.

"ಇಳೀತಾ ಇಲ್ಲ ಕಣಜ್ಜಿ. ಬಾಯಿಗಿಟ್ರೆ ಮಣ್ಣು ತಿಂದಂಗೆ ಆಗ್ತದೆ."

ನಾನು ಒಳಗೆ ಹೋಗಿ, ನನ್ನ ಭರಣಿಯ ಬಟ್ಟೆ ಬಿಚ್ಚಿ ಒಂದು ಮಿಡಿ ತಂದು ಅವಳ ತಟ್ಟೆಗೆ ಹಾಕಿದೆ. ಅವಳು ಅದನ್ನು ಕಚ್ಚಿದ ಸದ್ದು ಈಗಲೂ ಕಿವಿಯಲ್ಲಿದೆ. ತಟ್ಟೆ ಬರಿದಾಯಿತು. "ಒಸಿ ನೀರು ಹಾಕಜ್ಜಿ," ಎಂದು ಇನ್ನಷ್ಟು ಅನ್ನ ಹಾಕಿಸಿಕೊಂಡು ಮಿಡಿಯ ನೀರಿನಲ್ಲಿ ಕಲಸಿ ಉಂಡಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ದಿನ ಪಾತ್ರೆಯನ್ನೆಲ್ಲ ನಾನೇ ತೊಳೆದೆ.

ಮಾರನೆಯ ದಿನ ಅವಳ ಜೊತೆ ಇನ್ನೊಬ್ಬಳು ಬಂದಳು. ವಾರದೊಳಗೆ ಹಿಂಬಾಗಿಲಿಗೆ ಸಾಲು. ಮಿಡಿ ಹಂಚುವುದು ಸಾಲದಾಗಿ ಕಿವುಚಿ, ಹಸಿಮೆಣಸು ಹಾಕಿ ನೀರುಗೊಜ್ಜು ಮಾಡತೊಡಗಿದೆ. ಮನೆಯಿಂದ ಎರಡನೆಯ ಭರಣಿಯೂ ಬಂತು. ತಕ್ಕಡಿಯಲ್ಲಿ ಉಪ್ಪು ತೂಗುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಮೇಡಂ ಹೇಳಿದಷ್ಟನ್ನೇ ತೂಗಿ ಸಾರಿಗೆ ಹಾಕಿ, ಹಿಂಬಾಗಿಲಲ್ಲಿ ಸೌಟಿನಿಂದ ಸುರಿಯುತ್ತಿದ್ದೆ. ಎರಡೂ ಕೆಲಸವನ್ನು ಒಂದೇ ಕೈ ಮಾಡುತ್ತಿತ್ತು. ಆ ಕೈಗೆ ಅನುಮಾನ ಬರಲಿಲ್ಲ.

ಮಕ್ಕಳ ಮೇಲಿನ ಕನಿಕರ ಎಂದು ಆಗ ಅಂದುಕೊಂಡಿದ್ದೆ. ಅರ್ಧ ನಿಜ. ಸಪ್ಪೆ ಅಜ್ಜಿ ಎಂಬ ಹೆಸರು ಆ ವಾರವೇ ಮಾಯವಾಗಿತ್ತು. ನನಗೆ ಬೇಕಾಗಿದ್ದುದು ಅದೇ.

ಮೇಡಂ ಮತ್ತೆ ಮಿಷನ್ ತಂದರು. ನಾನು ಕಾಫಿ ತಡೆದೆ, ಕುರ್ಚಿ ಹಾಕಿಸಿದೆ. ಒಬ್ಬೊಬ್ಬರದೂ ನೋಡುತ್ತಾ ಅವರ ಮುಖ ಸಣ್ಣದಾಗುತ್ತಾ ಹೋಯಿತು. ಯಾರಲ್ಲೂ ಹೇಳಿಕೊಳ್ಳುವಂತಹ ಇಳಿತವಿಲ್ಲ. ಹೊಂಗಡಹಳ್ಳದವಳದು ಮೊದಲಿಗಿಂತ ಏರಿತ್ತು. ಎಲ್ಲ ಮುಗಿದ ಮೇಲೆ ಅಡುಗೆಮನೆಗೆ ಬಂದು, ತಕ್ಕಡಿಯ ಮೇಲೆ ಕೈಯಿಟ್ಟು ನಿಂತರು.

"ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ ಅಮ್ಮಾ. ನೀವು ತೂಕ ಸರಿಯಾಗೇ ಮಾಡ್ತಿದ್ದೀರಲ್ಲ?"

"ಮಾಡ್ತಿದೀನಿ ಮೇಡಂ."

"ನೀವು ಮಾಡ್ತೀರ. ಅದು ನನಗೆ ಗೊತ್ತು," ಎಂದು ಹೋದರು.

ಮಾರನೆಯ ದಿನ ಹಾಲಿನ ಗೋಡೆಗೆ ಅವರು ಒಂದು ದೊಡ್ಡ ಚಿತ್ರ ಅಂಟಿಸಿದರು. ಗೊತ್ತಿಲ್ಲದೆ ಹೊಟ್ಟೆಗೆ ಹೋಗುವ ಉಪ್ಪು ಎಂದು ಮೇಲೆ ಬರೆದು, ಕೆಳಗೆ ಚಿಪ್ಸ್ ಪೊಟ್ಟಣ, ಹಪ್ಪಳ, ಬೇಕರಿ ತಿಂಡಿ, ಒಣಮೀನು ಬರೆದಿದ್ದರು. ನಟ್ಟನಡುವೆ ಒಂದು ಉಪ್ಪಿನಕಾಯಿ ಭರಣಿ, ಬಾಯಿಗೆ ಬಟ್ಟೆ ಕಟ್ಟಿದ್ದು. ಬಡಿಸಲು ಹೋದಾಗಲೆಲ್ಲ ಅದು ಎದುರಿಗೆ ಬರುತ್ತಿತ್ತು. ಚಿತ್ರದಲ್ಲಿರುವುದು ಖಾರದ ಉಪ್ಪಿನಕಾಯಿ, ಎಣ್ಣೆ ಹಾಕಿದ್ದು. ನನ್ನದು ಬರೀ ಮಿಡಿ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ದಿನದಿಂದ ಆ ಗೋಡೆಯ ಕಡೆ ಬೆನ್ನು ಮಾಡಿ ಬಡಿಸತೊಡಗಿದೆ. ಬೆನ್ನು ಮಾಡಿದವಳಿಗೆ ವಿಷಯ ಗೊತ್ತಿಲ್ಲ ಎನ್ನಲಾಗುವುದಿಲ್ಲ. ಗೊತ್ತಾಗಿತ್ತು.

ನಿಲ್ಲಿಸಬೇಕೆಂದುಕೊಂಡ ದಿನ ಹೊಂಗಡಹಳ್ಳದವಳು ಎಂದಿನಂತೆ ಮೆಟ್ಟಿಲಿಗೆ ಬಂದಳು. ಮುಖ ಬಾಡಿತ್ತು.

"ನಾನು ಉಪ್ಪೇ ಮುಟ್ಟಲ್ಲ ಕಣಜ್ಜಿ. ಕಾಲೇಜಿನ ಹತ್ರ ಚಿಪ್ಸು, ಪಾನಿಪೂರಿ ಎಲ್ಲಾ ಬುಟ್ಟೆ. ದಿನಾ ನಡೀತೀನಿ. ಆದ್ರೂ ಯಾಕೆ ಏರ್ತಾ ಐತೆ? ನಂಗೇನಾದ್ರೂ ಆಗ್ಬುಡ್ತದಾ?"

ಹಾಗೆನ್ನುತ್ತಾ ತಟ್ಟೆ ಮುಂದೆ ಹಿಡಿದಳು. ಅವಳು ಮೇಡಂ ಕೇಳಿದ್ದಕ್ಕೆ ಉಪ್ಪು ಎಂದು ಮೊದಲು ಉತ್ತರ ಹೇಳಿದವಳು. ತಾನು ಕಲಸಿ ಉಣ್ಣುತ್ತಿರುವುದು ಅದೇ ಎಂದು ಅವಳಿಗೂ ಹೊಳೆದಿರಲಿಲ್ಲ. ಅಜ್ಜಿ ಕೊಡುವುದರಲ್ಲಿ ಕೆಟ್ಟದ್ದು ಇರುತ್ತದೆಯೇ? ಖಾಲಿಯಾಯಿತು ಅನ್ನಬಹುದಿತ್ತು. ಕೊಡಬಾರದು ಕಣವ್ವ, ಇದು ಉಪ್ಪು ಅನ್ನಬಹುದಿತ್ತು. ಹಾಗೆಂದರೆ ಇಷ್ಟು ದಿನ ಯಾಕೆ ಕೊಟ್ಟೆ ಎಂದು ಕೇಳುತ್ತಾಳೆ. "ಏನೂ ಆಗಲ್ಲ, ಉಣ್ಣು," ಎಂದು ಸೌಟು ಅದ್ದಿ ಸುರಿದೆ. ನಾನು ಮಾಡಿದ್ದರಲ್ಲೆಲ್ಲ ಕೆಟ್ಟದ್ದು ಅದು. ಮೊದಲ ದಿನದ್ದು ತಿಳಿಯದೆ ಮಾಡಿದ್ದು. ಅದು ತಿಳಿದು ಮಾಡಿದ್ದು.

ಮೇಡಂ ಅವಳ ಮನೆಗೆ ಫೋನ್ ಮಾಡಿದ್ದರಿಂದ ಅವಳ ಸೋದರಮಾವ ಬಂದ. ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕೆಟ್ಟ ಮನುಷ್ಯನಲ್ಲ, ತಂದೆಯಿಲ್ಲದ ಮಗುವಿನ ಓದಿಗೆ ಅಲ್ಲಿಯವರೆಗೆ ಒತ್ತಾಸೆಯಾಗಿದ್ದವನೇ. ಡಾಕ್ಟರೂ ಅದೇ ದಿನ ಬಂದಿದ್ದರು. ಆಫೀಸ್ ಕೋಣೆಗೆ ನಾನು ಕಾಫಿ ಒಯ್ದಾಗ ಮಾತು ನಡೆದಿತ್ತು. ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು.

"ಓದಿದ್ದು ಸಾಕು ಸಾರ್," ಎನ್ನುತ್ತಿದ್ದ ಮಾವ. "ತಲೆಗೆ ಭಾರ ಜಾಸ್ತಿಯಾಗಿ ಹಿಂಗಾಗೈತೆ. ಮನೇಲಿ ಅವ್ವನ ಕೈಲಿ ಉಂಡು ನೆಮ್ಮದಿಯಾಗಿದ್ರೆ ಸರಿ ಹೋಗ್ತಾಳೆ."

"ಇನ್ನೇನು ಪರೀಕ್ಷೆ ಬಂತು. ಈಗ ಬಿಡಿಸಿದ್ರೆ ಮತ್ತೆ ಬರ್ತಾಳಾ?" ಎಂದರು ಮೇಡಂ.

"ಬದುಕಿದ್ರೆ ತಾನೇ ಮೇಡಂ, ಪರೀಕ್ಷೆ?"

ಡಾಕ್ಟರು ಅವನನ್ನು ಹುಡುಗಿಯ ತಂದೆಯ ಬಗ್ಗೆ ಕೇಳಿದರು. ಹೃದಯದ ತೊಂದರೆ ಇತ್ತೇ?

"ಅಂಥದ್ದೇನೂ ಇರ್ಲಿಲ್ಲ ಸಾರ್, ಕಲ್ಲಿನಂಗಿದ್ದ. ಸ್ಟೋರಲ್ಲಿ ಕಾಫಿ ಮೂಟೆ ಎತ್ತುವಾಗ ಎದೆ ಉಳುಕ್ತು ಅಂತ ಕುಂತ. ಎಡಗೈಗೂ ಎಳೀತಾ ಐತೆ ಅಂದ. ಎಣ್ಣೆ ಹಚ್ಚಿ ನೀವಿದ್ವಿ. ಮೈಯೆಲ್ಲ ಬೆವರು. ಸಾಯಂಕಾಲದೊಳಗೆ ಹೋಗ್ಬುಟ್ಟ. ಉಳುಕು ಎದೆಗೆ ಹತ್ಬಾರದು ಸಾರ್."

"ವಯಸ್ಸೆಷ್ಟಿತ್ತು?"

"ನಲವತ್ತು ತುಂಬಿರ್ಲಿಲ್ಲ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಉಳುಕಿಗೆ ಯಾರೂ ಸಾಯಲ್ಲ ಮಾರಾಯರೇ," ಎಂದರು ಮೆಲ್ಲಗೆ.

ಹುಡುಗಿ ಮೇಡಂ ಕಡೆ ನೋಡಿ, "ನಾನು ಕೈ ಎತ್ತಲೇ ಇಲ್ಲ ಮೇಡಂ. ನಮ್ಮನೇಲಿ ಎಲ್ರೂ ಉಳುಕು ಅಂತಾನೇ ಅನ್ನೋದು," ಎಂದಳು.

ಡಾಕ್ಟರಿಗೆ ಕೊಡಬೇಕಾದ ಲೋಟವನ್ನು ನಾನು ಮತ್ತೆ ಟ್ರೇಗೇ ಇಟ್ಟುಕೊಂಡೆ. ಅದು ಯಾಕೆಂದು ಕೊನೆಯಲ್ಲಿ ಬರೆಯುತ್ತೇನೆ.

ಡಾಕ್ಟರು ಮಾವನಿಗೆ ವಿವರಿಸಿದರು. ಅವಳು ತೆಳ್ಳಗಿರುವುದು ಲೆಕ್ಕಕ್ಕಿಲ್ಲ. ತಂದೆ ಆ ವಯಸ್ಸಿಗೆ ಹಾಗೆ ಹೋಗಿದ್ದರೆ ಮಗಳ ವಿಷಯದಲ್ಲಿ ಎಚ್ಚರ ಬೇಕು. ಊಟದಲ್ಲಿ ಇಷ್ಟು ಉಪ್ಪು ಇಳಿಸಿದ ಮೇಲೂ ಬಿಪಿ ಏರಿದೆ ಎಂದರೆ ಒಳಗೆ ಬೇರೆ ಏನೋ ದೊಡ್ಡ ಕಾರಣ ಇರಬಹುದು. ದೊಡ್ಡ ಊರಿಗೆ ಹೋಗಿ ಒಂದೊಂದೇ ಹುಡುಕಬೇಕಾಗುತ್ತದೆ.

ಮಾವ ಕೇಳಿಸಿಕೊಂಡದ್ದು ದೊಡ್ಡ ಎಂಬ ಒಂದು ಮಾತು. ಎದ್ದು ನಿಂತ. "ನಡಿ ಮಗಾ. ಬಟ್ಟೆ ಬರೆ ಕಟ್ಕೊ," ಎಂದ. ಹುಡುಗಿ ಅಳಲಿಲ್ಲ. ತಲೆ ತಗ್ಗಿಸಿ ಹೊರಟಳು. ಇಷ್ಟು ಉಪ್ಪು ಇಳಿಸಿದ ಮೇಲೂ ಎಂಬ ಆ ಮಾತಿನ ಮೇಲೆ ಎಲ್ಲವೂ ನಿಂತಿತ್ತು, ಆ ಮಾತು ಸುಳ್ಳು ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

 ಟ್ರೇ ಅಲ್ಲೇ ಇಟ್ಟು ಅಡುಗೆಮನೆಗೆ ಬಂದೆ. ದಿನಸಿ ಕೋಣೆಗೆ ಹೋಗಿ ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ.

"ಅಕ್ಕಾ, ಅದನ್ನ ಎತ್ಕೊಂಡು ಎಲ್ಲಿಗೆ? ಕೆಲಸ ಹೋಗ್ತದೆ ಕಣಕ್ಕ! ಸುಮ್ನಿರು ಮಾರಾಯ್ತಿ!" ಎಂದು ಕೈಯಾಳು ಸೆರಗು ಹಿಡಿದಳು. ಬಿಡಿಸಿಕೊಂಡು ಹೋದೆ. ಆ ಪಡಸಾಲೆ ಅಷ್ಟು ಉದ್ದವಿದೆ ಎಂದು ಯಾವತ್ತೂ ಅನ್ನಿಸಿರಲಿಲ್ಲ.

ಡಾಕ್ಟರ ಮುಂದೆ ಭರಣಿ ಇಟ್ಟೆ. ಅವರು ಏನಿದು ಎಂಬಂತೆ ನೋಡಿದರು.

"ಉಪ್ಪು ಕಮ್ಮಿಯಾಗಿಲ್ಲ ಡಾಕ್ಟ್ರೇ. ಹಿಂಬಾಗಿಲಲ್ಲಿ ನಾನು ಕೊಡ್ತಿದ್ದೆ," ಎಂದೆ. ನಾಲ್ಕು ಜನರ ಎದುರು ನಾನು ಆಡಿದ ಮೊದಲ ಮಾತು ಅದಿರಬೇಕು.

ಅವರು ಬಟ್ಟೆ ಬಿಚ್ಚಿ, ಬೆರಳು ಅದ್ದಿ ನಾಲಿಗೆಗೆ ಇಟ್ಟರು. ಮುಖ ಹಿಂಡಿಕೊಂಡು ಕಾಫಿ ಲೋಟಕ್ಕೆ ಕೈ ಹಾಕಿದರು. "ಇದನ್ನ ಎಷ್ಟು ತಿಂತಿದ್ದೆ?" ಎಂದು ಹುಡುಗಿಯನ್ನು ವಾಪಸ್ ಕರೆಸಿ ಕೇಳಿದರು.

"ಎರಡು ಹೊತ್ತೂ, ಅನ್ನಕ್ಕೆ ಕಲಸ್ಕೊಂಡು. ಇದು ಮಿಡಿ ಅಲ್ವಾ ಸಾರ್?"

"ಅಯ್ಯೋ, ಇಷ್ಟೇನಾ? ಮಿಡಿ ತಿಂದಿದ್ದಕ್ಕಾ ಇಷ್ಟೆಲ್ಲಾ?" ಎಂದು ಮಾವ ನಗಲು ಹೊರಟ. ಅವನ ಎದೆಯ ಭಾರ ಇಳಿದಿತ್ತು, ಪಾಪ.

"ಇಷ್ಟೇ ಅಲ್ಲ," ಎಂದರು ಡಾಕ್ಟರು. "ಅವಳಪ್ಪನ ವಿಷಯ ಹಾಗೇ ಇದೆ. ಟೆಸ್ಟ್ ಮಾಡಿಸಲೇಬೇಕು. ಆದರೆ ಇದು ಗೊತ್ತಾಗಿದ್ದು ಒಳ್ಳೇದಾಯ್ತು. ಇದನ್ನ ನಿಲ್ಲಿಸಿ, ಹಾಸನದಲ್ಲಿ ತೋರಿಸಿ, ಹುಡುಗೀನ ಇಲ್ಲೇ ಬಿಡಿ. ಏನು ತಿಂತಾಳೆ ಅಂತ ನೋಡೋಕೆ ಜನ ಇದಾರೆ ಇಲ್ಲಿ." ಕೊನೆಯ ಮಾತು ಹೇಳುವಾಗ ಅವರು ನನ್ನ ಕಡೆ ನೋಡಿದರು. ಚುಚ್ಚಿದ್ದೋ ನಂಬಿದ್ದೋ ಗೊತ್ತಾಗಲಿಲ್ಲ.

ಮಾವ ಭರಣಿಯ ಕಡೆ ನೋಡಿ, "ಪರೀಕ್ಷೆ ಮುಗಿಯೋಗಂಟ ಇರ್ಲಿ ಹಂಗಾದ್ರೆ," ಎಂದ.

ಮೇಡಂ ಬೈಯಲಿಲ್ಲ. "ನಾನು ಕೇಳಿದ್ದೆ ಅಲ್ವಾ ಅಮ್ಮಾ?" ಎಂದರು, ಅಷ್ಟೇ. ಅವರ ಆ ಇಡೀ ಅವಧಿಯ ಕೆಲಸ ಕೆಟ್ಟಿತ್ತು. ಒಬ್ಬ ಹುಡುಗಿಯದಲ್ಲ, ಸಾಲು ನಿಂತವರೆಲ್ಲರದು. ಯಾರು ಎಷ್ಟು ಉಂಡರೆಂದು ನನಗೇ ತಿಳಿಯದು. ಬೈದಿದ್ದರೆ ಹಗುರವಾಗುತ್ತಿತ್ತು. ಅನೇಕ ದಿನ ಅವರು ಅಡುಗೆಮನೆ ಕಡೆ ಬರಲಿಲ್ಲ.

ಎರಡೂ ಭರಣಿಗಳನ್ನು ಹಿತ್ತಲ ತೆಂಗಿನ ಬುಡಕ್ಕೆ ಸುರಿದೆ. ತೆಂಗಿಗೆ ಉಪ್ಪು ಹಾಕುವುದು ನಮ್ಮಲ್ಲಿ ಇದ್ದದ್ದೇ. "ಇನ್ನು ಆ ಮರಕ್ಕೆ ಪಟ್ಟಿ ಸುತ್ತಿ ನೋಡ್ಬೇಕು," ಎಂದಳು ಕೈಯಾಳು. ನಗಿಸಲು ಅಂದದ್ದು. ನನಗೆ ಅಳು ಬಂತು.

ಕೆಲಸದಿಂದ ತೆಗೆಯುತ್ತಾರೆ ಎಂದು ಕಾದಿದ್ದೆ. ಒಂದು ಬೆಳಿಗ್ಗೆ ಮೇಡಂ ಬಂದು, ತಕ್ಕಡಿಯ ದೂಳು ಒರೆಸಿ, "ನಾಳೆಯಿಂದ ಮತ್ತೆ ಮೊದಲಿಂದ," ಎಂದರು. ಈ ಸಲ ಅವರು ಉಪ್ಪಿನ ಬಗ್ಗೆ ಕೇಳಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಹೋದದ್ದೆಲ್ಲ ಹೇಳಿ ಎಂದು ಮಕ್ಕಳನ್ನೂ ನನ್ನನ್ನೂ ಕೂರಿಸಿಕೊಂಡು ಕೇಳಿದರು. ಒಬ್ಬಳ ಪೆಟ್ಟಿಗೆಯಿಂದ ಮನೆಯ ನಿಂಬೆ ಉಪ್ಪಿನಕಾಯಿ ಬಂತು, ಸಕಲೇಶಪುರದವಳ ಪೆಟ್ಟಿಗೆಯಿಂದ ಒಣಮೀನಿನ ಚಟ್ನಿ. "ಅಜ್ಜಿಯೇ ಒಪ್ಕೊಂಡ ಮೇಲೆ ನಮ್ದೇನು," ಎಂದು ಅವಳು ಡಬ್ಬಿ ತಂದು ಮೇಜಿನ ಮೇಲಿಟ್ಟಳು.

ನಾನೂ ಈ ಸಲ ಮನಸ್ಸಿಟ್ಟೆ. ಹುಣಸೆ ಸ್ವಲ್ಪ ಮುಂದೆ ಮಾಡಿ, ಕಾಳುಮೆಣಸು, ಜೀರಿಗೆ ಹುರಿದು ಆಗಲೇ ಕುಟ್ಟಿ ಹಾಕಿ, ಇಳಿಸುವಾಗ ನಿಂಬೆ ಹಿಂಡಿದರೆ ಸಾರಿಗೆ ಬೇರೆಯದೇ ಜೀವ ಬರುತ್ತದೆ. ಬರಲು ಬಹಳ ದಿನ ಹಿಡಿಯಿತು. ಆ ದಿನಗಳಲ್ಲಿ ಸಪ್ಪೆ ಅಜ್ಜಿ ಎಂಬ ಹೆಸರು ವಾಪಸ್ ಬಂತು. ಅನ್ನಿಸಿಕೊಂಡೆ.

ಹೊಂಗಡಹಳ್ಳದವಳ ಬಿಪಿ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಹಾಸನದಲ್ಲಿ ನೋಡಿ ಮಾತ್ರೆ ಕೊಟ್ಟರು. ಅವಳು ಹಾಸ್ಟೆಲಿನಲ್ಲೇ ಇದ್ದು ಪರೀಕ್ಷೆ ಬರೆದಳು. ಒಂದು ದಿನ ಡಾಕ್ಟರು ಬಂದಾಗ ಧೈರ್ಯ ಮಾಡಿ ಕೇಳಿದೆ: ನನ್ನಿಂದಲೇ ಆದದ್ದಾ?

ಅವರು ಯೋಚಿಸಿ ಹೇಳಿದರು: "ನಿಮ್ಮ ಮಿಡಿ ಒಂದೇ ಕಾರಣ ಅಲ್ಲಮ್ಮ. ಮೊದಲೇ ಇತ್ತು. ಆದರೆ ನಿಮ್ಮಿಂದ ಏನೂ ಆಗಿಲ್ಲ ಅಂತ ಹೇಳಿದ್ರೆ ಅದೂ ಸುಳ್ಳಾಗುತ್ತೆ."

ಆ ಮಾತನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ಒಂದು ಭಾಗ ತೆಗೆದು ಇನ್ನೊಂದನ್ನು ಮಾತ್ರ ಇಟ್ಟುಕೊಳ್ಳಲು ಬರುವುದಿಲ್ಲ.

ಇನ್ನು ಆ ಲೋಟ ಟ್ರೇಗೆ ವಾಪಸ್ ಹೋದದ್ದು. ನಿಮ್ಮ ತಾತ ವಾಯು ಎದೆಗೇರಿ ಹೋದರು ಎಂದು ನಿಮಗೆ ಹೇಳಿದ್ದೇವೆ. ನಿಮ್ಮ ಅಪ್ಪನೂ ಹಾಗೆಯೇ ತಿಳಿದಿದ್ದಾನೆ. ಆ ದಿನ ಗದ್ದೆಯಿಂದ ಬಂದವರು ಎದೆ ಹಿಡಿದಂತಾಗಿದೆ, ಎಡಗೈ ಭಾರ ಎಂದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ವಾಯು ಇರಬೇಕು, ಮಜ್ಜಿಗೆಗೆ ಒಂದಿಷ್ಟು ಮಿಡಿ ನೀರು ಹಾಕಿ ಕೊಡು ಎಂದರು. ಕೊಟ್ಟೆ. ಕುಡಿದು ಮಲಗಿದರು. ಗಾಡಿ ತರಿಸಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಇದನ್ನು ಡಾಕ್ಟರಿಗೆ ಹೇಳಿದೆ. ಆಗ ನೋಡದೆ ಈಗ ಖಚಿತವಾಗಿ ಹೇಳಲಾರೆ ಎಂದರು, ಆದರೆ ಮೊಮ್ಮಕ್ಕಳಿಗೆ ತಿಳಿಸಿ ಎಂದರು.

ಆದ್ದರಿಂದ ತಿಳಿಸಿದ್ದೇನೆ. ನಿಮ್ಮ ಕಾಲೇಜಿಗೂ ಒಂದು ದಿನ ಯಾರಾದರೂ ಬಂದು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಎಂದು ಕೇಳುತ್ತಾರೆ. ಸುಮ್ಮನೆ ಕೂರಬೇಡಿ. ಕೈ ಎತ್ತಿ, ನಮ್ಮ ತಾತನಿಗೆ ಇದ್ದಿರಬೇಕು ಎನ್ನಿ. ಏನಾಗಿತ್ತು ಎಂದು ಮುಂದೆ ಕೇಳಿದರೆ ನನಗೆ ಫೋನ್ ಮಾಡಿ ಅವರ ಕೈಗೆ ಕೊಡಿ. ನಾನೇ ಹೇಳುತ್ತೇನೆ.